ದೊಡ್ಡಮ್ಮನ ಹುಳುಮನೆ ಮತ್ತು ನನ್ನ ಪ್ರಶ್ನಾವಳಿ

ನಿವೃತ್ತನಾದ ಮೇಲೆ ನನಗೊಂದು ದೌರ್ಬಲ್ಯ ಅಂಟಿಕೊಂಡಿದೆ. ಯಾರು ಏನು ಕೆಲಸ ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹ್ಞೂಂ ಅಂದುಬಿಡುತ್ತೇನೆ. ರಾಮನಗರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಒಂದು ಪೀರಿಯಡ್ ಹೆಚ್ಚಿಗೆ ಕೊಟ್ಟರೂ ಹೆಡ್‌ಮಾಸ್ಟರ ಮೇಲೆ ಹಾರಿಬೀಳುತ್ತಿದ್ದವನು, ಈಗ ಪಕ್ಕದ ಮನೆಯವರ ಕರೆಂಟ್ ಬಿಲ್ ಕಟ್ಟಲಿಕ್ಕೂ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಡುತ್ತೇನೆ. ಮನೆಯಲ್ಲೇ ಇದ್ದರೆ ಅಡುಗೆಮನೆಯ ಡಬ್ಬಗಳಿಗೆಲ್ಲ ಹೆಸರಿನ ಚೀಟಿ ಅಂಟಿಸುತ್ತೇನೆಂದು ಹೆಂಡತಿಯೂ ತಡೆಯುವುದಿಲ್ಲ.

ಹೀಗಿರುವಾಗ ಹಳೆಯ ಶಿಷ್ಯೆ ಸವಿತಾ ಫೋನ್ ಮಾಡಿದಳು. ವಯಸ್ಸಾದವರ ಮನಸ್ಸಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಖಿನ್ನತೆ ಅಳೆಯಲು ಹೊರದೇಶದವರು ತಯಾರಿಸಿದ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದಾರಂತೆ. ಅದು ನಮ್ಮ ಕಡೆಯ ಹಿರಿಯರಿಗೆ ಹೊಂದುತ್ತದೋ ಇಲ್ಲವೋ ಕೇಳಿ ನೋಡಬೇಕಂತೆ. "ಹೌದು, ಇಲ್ಲ, ಎರಡೇ ಉತ್ತರ ಸಾರ್. ಗುರುತು ಹಾಕಿ ಕೂಡಿದ್ರೆ ಆಯ್ತು" ಅಂದಳು. ನನ್ನದು ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದಿ ತಿದ್ದಿ ಪಳಗಿದ ಕೈ. ಕೀ ಆನ್ಸರಿನಲ್ಲಿ ಇಲ್ಲದ್ದಕ್ಕೆ ಅರ್ಧ ಅಂಕವನ್ನೂ ಕೊಟ್ಟವನಲ್ಲ. ಹ್ಞೂಂ ಅಂದೆ.

ಮೊದಲು ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಮಾಡುವ ಪರಿಚಯದ ಬಾಷಾ ಸಾಬರನ್ನು ಹಿಡಿದೆ. "ಮುಂದಿನ ದಿನಗಳ ಬಗ್ಗೆ ನಿಮಗೆ ಭರವಸೆ ಇದೆಯೇ?" ಎಂದು ಓದಿದೆ. "ಮುಂದಿಂದು ನಮ್ ಕೈಲಿ ಏನೈತೆ ಮೇಷ್ಟ್ರೇ? ಎಲ್ಲಾ ಅಲ್ಲಾ ನೋಡ್ಕೋತಾನೆ. ನೀವು ಚಾಯ್ ಕುಡೀರಿ" ಅಂದರು. ತಮ್ಮ ಕೈಲಿಲ್ಲ ಅಂದ ಮೇಲೆ ಭರವಸೆ ಇಲ್ಲವೆಂದೇ ಗುರುತು ಹಾಕಿದೆ. ಅಷ್ಟು ನಿಶ್ಚಿಂತೆಯಾಗಿ ಚಾಯ್‌ಗೆ ಬಿಸ್ಕತ್ತು ಅದ್ದಿ ತಿನ್ನುವ ನಿರಾಶಾವಾದಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ಕೋಡಿಹಳ್ಳಿ ಹತ್ತಿರದ ನಮ್ಮ ದೊಡ್ಡಮ್ಮನ ಊರಿಗೆ ಹೋದೆ. ನಮ್ಮವ್ವ ತೀರಿಕೊಂಡ ಮೇಲೆ ನನಗೆ ಹಿರಿಯರೆಂದು ಉಳಿದಿರುವವಳು ಅವಳೊಬ್ಬಳೇ. ಮಗ ಸೊಸೆಯ ಜೊತೆ ರೇಷ್ಮೆಹುಳು ಸಾಕುತ್ತಾಳೆ. ಹುಳು ದೊಡ್ಡದಾಗಿ ಗೂಡು ಕಟ್ಟುವ ಹೊತ್ತಿಗೆ ಆ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಹುಳುವಿಗೆ ರೋಗ ತಗಲುತ್ತದೆ, ಕಣ್ಣೂ ತಗಲುತ್ತದೆ. ನಾನು ಹೋದದ್ದು ಸರಿಯಾಗಿ ಆಗಲೇ. "ಅಲ್ಲೇ ನಿಂತ್ಕೊಳ್ಲಾ!" ಅಂದಳು. ಬಾಗಿಲಾಚೆ ನಿಂತೇ ಪರೀಕ್ಷೆ ಶುರುಮಾಡಿದೆ.

"ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆಯೇ?"

"ನಿದ್ದೆ ಯಾವ್ ಮೂಲೇಲೈತೆ ಮಗ?"

"ಮನೆಯಿಂದ ಹೊರಗೆ ಹೋಗಲು ಮನಸ್ಸಾಗುತ್ತದೆಯೇ?"

"ಮನೆ ಬುಟ್ಟು ಎಂಗೋಗ್ಲಿ?"

"ನೆಂಟರಿಷ್ಟರು ಬಂದರೆ ಸಂತೋಷವೇ?"

"ನೀನು ಬಂದಿರೋದ್ಕೇ ಎದೆ ಡವಡವ ಅಂತೈತೆ."

"ಏನೋ ಕೆಟ್ಟದ್ದಾಗಿಬಿಡುತ್ತದೆ ಎಂಬ ಭಯ?"

"ಗೂಡು ಕಟ್ಟಗಂಟ ಅದೇ ಭಯ ಕಣ್ಲಾ. ನೀನು ಒಸಿ ದೂರ ನಿಂತ್ಕೋ."

ಬಸ್ ಸ್ಟಾಂಡಿನಲ್ಲಿ ಕೂತು ಕೂಡಿದೆ. ತೀವ್ರ ಖಿನ್ನತೆ! ಫೋನಿನಲ್ಲಿ ಅಂಕ ಕೇಳಿ ಸವಿತಾ ಕೂಡ ಗಾಬರಿಯಾಗಿ, "ಬೇಗ ಡಾಕ್ಟರಿಗೆ ತೋರಿಸಿ ಸಾರ್" ಅಂದಳು. ಹುಳು ಗೂಡು ಕಟ್ಟುವ ಹೊತ್ತು, ಅದಕ್ಕೇ ಹೀಗೆ ಅಂತ ಅವಳಿಗೆ ಹೇಳಬಹುದಿತ್ತು, ಹೊಳೆಯಲಿಲ್ಲ. ಕೂಡಿದ ಅಂಕ ಕಂಡರೆ ಕಣ್ಣಾರೆ ಕಂಡದ್ದನ್ನೂ ಮರೆಯುವುದು ನಮ್ಮ ಕಸುಬಿನ ಕಾಯಿಲೆ. ಇರುವ ಒಬ್ಬ ದೊಡ್ಡಮ್ಮನಿಗೆ ಹೀಗಾಯಿತಲ್ಲ ಎಂದು ನನಗೆ ಊಟ ಸೇರಲಿಲ್ಲ.

ಕರೆದುಕೊಂಡು ಹೋಗೋಣವೆಂದರೆ ಹುಳು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಳು. ಕೊನೆಗೆ ಗೂಡು ಮಾರಾಟವಾದ ಮೇಲೆ ಹೋದೆ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಯಾವುದಕ್ಕೂ ಇರಲಿ ಎಂದು ಅವೇ ಪ್ರಶ್ನೆ ಮತ್ತೆ ಕೇಳಿದೆ. ನಿದ್ದೆ ಚೆನ್ನಾಗಿದೆ, ಹೊರಗೆ ಹೋಗಲು ಅಡ್ಡಿಯಿಲ್ಲ, ನೆಂಟರು ಬರಲಿ, ಭಯ ಯಾತಕ್ಕೆ. ಖಿನ್ನತೆ ಎಳ್ಳಷ್ಟೂ ಇಲ್ಲ! ಹೊಂದದಿರುವುದು ಪ್ರಶ್ನಾವಳಿಯೇ ಎಂದು ಖುಷಿಯಿಂದ ಪೆನ್ನು ಜೇಬಿಗೆ ಸಿಕ್ಕಿಸಿದೆ.

ಆಗ ದೊಡ್ಡಮ್ಮ ಅಂಗಳದಲ್ಲಿ ಒಣಗುತ್ತಿದ್ದ ಹುಳು ಸಾಕುವ ಖಾಲಿ ತಟ್ಟೆಗಳನ್ನು ನೋಡುತ್ತ ಅಂದಳು: "ಹುಳ ಇದ್ದಾಗ ಮಗ ಸೊಸೆ ಅವ್ವಾ ಇಲ್ನೋಡು, ಅವ್ವಾ ಅಲ್ನೋಡು ಅಂತ ಕೂಗ್ತಾನೇ ಇರ್ತಾರೆ. ಗೂಡು ಮಾರ್ಕೆಟ್ಟಿಗೆ ಹೋದ್ ಮ್ಯಾಕೆ ನನ್ನ ಯಾರೂ ಕೂಗಾಕಿಲ್ಲ. ಎದೆ ಬಣಬಣ ಅಂತೈತೆ ಕಣ್ ಮಗ."

ನನಗೆ ಸಂಕಟವಾಯಿತು. ಚೆನ್ನಾಗಿದ್ದಾಗ ಕಾಯಿಲೆಯೆಂದೂ, ನೊಂದಾಗ ಚೆನ್ನಾಗಿದ್ದಾಳೆಂದೂ ಅಂಕ ಕೊಟ್ಟಿದ್ದೆ. ಹಾಳೆ ಮಡಿಚುವಷ್ಟರಲ್ಲಿ ಅವಳೇ ನನ್ನ ಮುಖ ನೋಡಿ ಕೇಳಿದಳು: "ಅದ್ಸರಿ, ಇಸ್ಕೂಲ್ ಬುಟ್ ಮ್ಯಾಕೆ ನಿನ್ನ ಯಾರ್ ಕೂಗ್ತಾರ್ಲಾ?"

ಆ ಪ್ರಶ್ನೆ ನನ್ನ ಹಾಳೆಯಲ್ಲಿರಲಿಲ್ಲ. "ಮುಂದ್ಲ ಹುಳದ ಬೆಳೆಗೆ ಬಾ. ಸೊಪ್ಪು ಹಾಕೀಯಂತೆ" ಅಂದಳು. ಅಭ್ಯಾಸಬಲ, ಹ್ಞೂಂ ಅಂದೆ.

ಮುಂದಿನ ಬೆಳೆ ಬಂತು, ಈಗ ದೊಡ್ಡಮ್ಮನ ಮನೆಯಲ್ಲೇ ಇದ್ದೇನೆ. ಮೊನ್ನೆ ಸವಿತಾ ಫೋನ್ ಮಾಡಿ ಪ್ರಶ್ನಾವಳಿಯ ಮೀಟಿಂಗಿಗೆ ಬನ್ನಿ ಅಂದಳು. "ಆಗಲ್ಲಮ್ಮ. ರಾತ್ರಿ ನಿದ್ದೆಯಿಲ್ಲ, ಮನೆ ಬಿಟ್ಟು ಆಚೆ ಬರೋ ಹಾಗಿಲ್ಲ, ಯಾರನ್ನೂ ಹತ್ತಿರ ಸೇರಿಸೋ ಹಾಗಿಲ್ಲ, ಏನಾಗಿಬಿಡುತ್ತೋ ಅಂತ ಒಂದೇ ಭಯ" ಅನ್ನುವಷ್ಟರಲ್ಲಿ ಒಳಗಿಂದ ದೊಡ್ಡಮ್ಮ "ಲೇ ಮೇಷ್ಟ್ರೇ, ಸೊಪ್ಪು!" ಎಂದು ಕೂಗಿದಳು. ಹುಳುವಿನ ವಿಷಯ ಹೇಳುವ ಮೊದಲೇ ಫೋನ್ ಇಟ್ಟು ಓಡಿದೆ.

ಅವತ್ತೇ ಸಂಜೆ ರಾಮನಗರದಿಂದ ಹೆಂಡತಿಯ ಫೋನ್. "ಸವಿತಾ ಯಾರೋ ಡಾಕ್ಟರನ್ನ ಕರ್ಕೊಂಡು ಬಂದು ಕೂತಿದಾಳೆ. ನಿಮ್ಮನ್ನ ನೋಡ್ಲೇಬೇಕಂತೆ. ಏನು ಹೇಳ್ಲಿ?"

"ಈಗ ಬೇಡ ಅನ್ನು," ಎಂದೆ. "ಗೂಡು ಮಾರಿದ ಮೇಲೆ ಬರಕ್ಕೆ ಹೇಳು. ಡಾಕ್ಟರು ಬೇಕಾಗೋದು ಆವಾಗಲೇ."