ಚೆಂಡು ಕಾಣುವ ಮುನ್ನ ಕೂಗತಕ್ಕದ್ದಲ್ಲ

ಸಮಕಾಲಿಕ ಹರ್ಷ ನಿರ್ವಹಣಾ ವಿಭಾಗ, ಹೆಬ್ಬಗೋಡಿ ವೃತ್ತ
ಸಂಖ್ಯೆ: ಸಹನಿ/ಹೆವೃ/ಮುಂಗೂಗು/೦೭
ದಿನಾಂಕ: ಫೈನಲ್ ಮುಗಿದ ನಂತರದ ಮಂಗಳವಾರ

ಸುತ್ತೋಲೆ

ವಿಷಯ: ವಠಾರಗಳಲ್ಲಿ ಕ್ರಿಕೆಟ್ ನೋಡುವಾಗ, ಇನ್ನೊಬ್ಬರ ಫೋನಿಗೆ ಚೆಂಡು ತಲುಪುವ ಮೊದಲೇ ಕೂಗುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: (೧) ಬಾಡಿಗೆದಾರರಾದ ಶ್ರೀಮತಿ ಮಲಕವ್ವ ಇವರ ಅರ್ಜಿ.
(೨) ವಠಾರದ ಮಾಲೀಕ ಶ್ರೀ ಸೊಣ್ಣಪ್ಪ ಇವರ ಸಮಜಾಯಿಷಿ.
(೩) ಕ್ಷೇತ್ರ ಸಹಾಯಕಿ ಶಿವಗಂಗಾ ಇವರ ಸ್ಥಳ ವರದಿ.

ಪ್ರಸ್ತಾವನೆ:

ಮಲಕವ್ವನವರು ರೊಟ್ಟಿ ತಟ್ಟುತ್ತ, ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಪಂದ್ಯಾವಳಿಯ ಮೊದಲ ಪಂದ್ಯದ ಕೊನೆಯ ಓವರ್ ನೋಡುತ್ತಿದ್ದಾಗ, ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುವಂತೆಯೇ, ಮಾಲೀಕರ ಮನೆಯಿಂದ "ಹೋಯ್ತು ಕಣೋ ಸಿಕ್ಸು" ಎಂಬ ಕೂಗು ಬಂದಿದ್ದು, ತತ್ಪರಿಣಾಮ ಹಂಚಿನ ಮೇಲಿದ್ದ ರೊಟ್ಟಿ ಸೀದಿರುವುದು ವರದಿಯಿಂದ ಕಂಡುಬಂದಿದೆ. ಸೊಣ್ಣಪ್ಪನವರ ಡಿಶ್ ಹಾಕಿಸಿದ ಟಿ.ವಿ.ಗೆ ಚೆಂಡು ಮೊದಲು ಬರುತ್ತದೆ. ಬಾಡಿಗೆ ಮನೆಗಳ ಫೋನುಗಳಿಗೆ ಆಮೇಲೆ, ಸಾವಕಾಶವಾಗಿ ಬರುತ್ತದೆ. ಹೀಗಾಗಿ ಮಲಕವ್ವನವರು ಈ ಪಂದ್ಯಾವಳಿಯಲ್ಲಿ ಮೊದಲೇ ಗೊತ್ತಿಲ್ಲದ ಒಂದು ವಿಕೆಟ್ಟನ್ನೂ ಕಂಡವರಲ್ಲ.

ಅವರ ಹೇಳಿಕೆ ಹೀಗಿದೆ: "ಗೆಲ್ಲಲಿ, ಸೋಲಲಿ ಸಾಹೇಬ್ರ. ಕಡೀ ಬಾಲು ಒಂದು ಏನಾಗ್ತೈತಿ ಅಂತ ಗೊತ್ತಿಲ್ದಂಗ ನೋಡಬೇಕು. ಎದಿ ಒಂದೀಟು ಡವಡವ ಅನ್ನಬೇಕು."

ಎದೆ ಡವಡವ ಅನ್ನುವುದು ನಾಗರಿಕರ ನ್ಯಾಯವಾದ ಹಕ್ಕೆಂದು ಮನಗಂಡು, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಕಡೇ ಮನೆಯ ಹಣಮಂತನವರ ಗಾಜು ಒಡೆದ ಫೋನು ವಠಾರದಲ್ಲಿಯೇ ಅತ್ಯಂತ ನಿಧಾನದ್ದಾಗಿರುವುದರಿಂದ, ಅದರಲ್ಲಿ ಕಾಣುವುದನ್ನೇ ವಠಾರದ ಅಧಿಕೃತ ವರ್ತಮಾನ ಕಾಲವೆಂದು ಪರಿಗಣಿಸತಕ್ಕದ್ದು. ಅದರಲ್ಲಿ ಕಾಣದಿರುವುದು ಇನ್ನೂ ನಡೆದಿಲ್ಲ. ಸದರಿ ಫೋನಿನಲ್ಲಿ ಚಕ್ರ ತಿರುಗುತ್ತಿದ್ದಲ್ಲಿ ಎಲ್ಲರೂ ಇದ್ದಲ್ಲಿಯೇ ನಿಲ್ಲತಕ್ಕದ್ದು. ಹಾಲು ಉಕ್ಕುವುದಕ್ಕೆ ಮಾತ್ರ ವಿನಾಯಿತಿ ನೀಡಲಾಗಿದೆ.

೨. ಸೊಣ್ಣಪ್ಪನವರು ತಮ್ಮ ಸಮಜಾಯಿಷಿಯಲ್ಲಿ, "ಟೀವಿ ನಂದು, ಬಾಯಿ ನಂದು. ಸಿಕ್ಸರ್ ಒಡುದ್ರೆ ಅರ್ಜಿ ಆಕ್ಕೊಂಡು ಕಿರುಚ್ಬೇಕಾ ಸಾರ್?" ಎಂದು ಕೇಳಿರುತ್ತಾರೆ. ಈ ಸಲಹೆಗಾಗಿ ವಿಭಾಗವು ಅವರಿಗೆ ಆಭಾರಿಯಾಗಿದೆ. ಇನ್ನು ಮುಂದೆ ಕೂಗಲಿಚ್ಛಿಸುವವರು ಚೆಂಡು ಹೋದ ದಿಕ್ಕು, ಕೂಗಿನ ಉದ್ದ ಹಾಗೂ ಕಾರಣ ನಮೂದಿಸಿ, ಅಕ್ಕಪಕ್ಕದವರ ಸಹಿ ಪಡೆದು ಅರ್ಜಿ ಸಲ್ಲಿಸತಕ್ಕದ್ದು. ಸಹಿ ಹಾಕುವವರಿಗೆ ಕಾರಣ ತಿಳಿಯಕೂಡದು.

೩. ಮಂಜೂರಾತಿ ಬರುವವರೆಗೆ ತಡೆಯಲಾಗದವರು ಚೊಂಬಿನೊಳಗೆ ಕೂಗಿ ತಟ್ಟೆ ಮುಚ್ಚಿಡಬಹುದು. ಚೊಂಬು ಎರವಲು ತಂದದ್ದಾಗಿದ್ದರೆ ಕೂಗನ್ನು ಖಾಲಿ ಮಾಡಿ ಹಿಂದಿರುಗಿಸತಕ್ಕದ್ದು.

೪. ರಾತ್ರಿ ಪಾಳಿಯವರು ಮರುದಿನ ಎದ್ದು ಪಂದ್ಯ ನೋಡುವುದರಿಂದ, ಅವರು ನೋಡಿ ಮುಗಿಸುವವರೆಗೆ ಯಾರೂ ಗೆದ್ದ ಮುಖವನ್ನಾಗಲಿ ಸೋತ ಮುಖವನ್ನಾಗಲಿ ಹೊತ್ತು ನಲ್ಲಿಯ ಬಳಿ ಬರತಕ್ಕದ್ದಲ್ಲ. ರೇಷನ್ ಸಾಲಿನಲ್ಲಿ ನಿಂತ ಮುಖವನ್ನು ಮಾದರಿಯಾಗಿ ಅನುಸರಿಸಬಹುದು.

೫. ಸೆಮಿಫೈನಲ್ ದಿನ ಪ್ರಾಯೋಗಿಕವಾಗಿ ಸೊಣ್ಣಪ್ಪನವರ ಬಾಯಿಗೆ ಟವೆಲ್ ಕಚ್ಚಿಸಲಾಗಿತ್ತು. ಆದರೆ "ಅಂವ ಒಮ್ಮಿಂದೊಮ್ಮೆ ಸುಮ್ಮನಾದ್ರ ವಿಕೆಟ್ ಬಿತ್ತು ಅಂತನ ಅರ್ಥರಿ" ಎಂದು ಮಲಕವ್ವನವರು ಮರುದೂರು ನೀಡಿರುತ್ತಾರೆ. ಆದ್ದರಿಂದ ಮೌನವನ್ನೂ ಕೂಗಿನ ಒಂದು ಪ್ರಕಾರವೆಂದು ಘೋಷಿಸಿ ನಿಷೇಧಿಸಲಾಗಿದೆ. ಏನೂ ತಿಳಿಯಬಾರದೆಂಬ ಉದ್ದೇಶದಿಂದ ವೈಡು, ನೋಬಾಲು, ಅಂಪೈರ್ ಟೋಪಿ ಸರಿಪಡಿಸಿಕೊಳ್ಳುವುದು, ಸಾಬೂನಿನ ಜಾಹೀರಾತು, ಎಲ್ಲಕ್ಕೂ ಒಂದೇ ಸಮನೆ ಕೂಗತಕ್ಕದ್ದು.

೬. ಪಂದ್ಯವಿಲ್ಲದ ದಿನ ಕೂಗದಿದ್ದರೆ ಪಂದ್ಯವಿಲ್ಲವೆಂಬ ಗುಟ್ಟು ಹೊರಬೀಳುವುದರಿಂದ, ಆ ದಿನಗಳಲ್ಲಿಯೂ ಸಂಜೆ ಹೊತ್ತು ಕೂಗುವುದು ಕಡ್ಡಾಯ.

೭. ಮೇಲ್ಕಂಡ ನಿಯಮಗಳು ಸಹಿಗಾಗಿ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗಲೇ ಫೈನಲ್ ನಡೆದುಹೋಗಿದೆ. ಕೊನೆಯ ಓವರಿಗೆ ಮುನ್ನ ಸೊಣ್ಣಪ್ಪನವರ ಪತ್ನಿ ರಾಮಮ್ಮನವರು ಮಲಕವ್ವನವರ ಬಾಗಿಲಿಗೆ ಬಂದು, "ಇಲ್ಲಿ ಕಿವಿ ಮುಚ್ಕೊಂಡು ಎಷ್ಟೊತ್ತಂತ ಕೂತಿರ್ತೀಯ ಅಕ್ಕ, ನಮ್ಮನೇಗೇ ಬಾ" ಎಂದು ಕರೆದಿರುತ್ತಾರೆ. ಈ ಕರೆಗೆ ವಿಭಾಗದ ಪೂರ್ವಾನುಮತಿ ಪಡೆದಿರುವುದಿಲ್ಲ. ಇಷ್ಟು ದಿನ ಕರೆಯಬಹುದೆಂದು ಅವರಿಗಾಗಲಿ, ಹೋಗಬಹುದೆಂದು ಇವರಿಗಾಗಲಿ ಏಕೆ ಹೊಳೆಯಲಿಲ್ಲವೆಂಬುದು ತನಿಖೆಯಿಂದ ತಿಳಿದುಬಂದಿಲ್ಲ. ಕೊನೆಯ ಚೆಂಡಿಗೆ ಆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಮಲಕವ್ವನವರು ರಾಮಮ್ಮನವರ ಮೊಣಕೈ ಗಟ್ಟಿಯಾಗಿ ಹಿಡಿದಿದ್ದರು. ಚೆಂಡು ಮೇಲಕ್ಕೆ ಹೋಯಿತು. ಬಹಳ ಹೊತ್ತು ಮೇಲೆಯೇ ಇತ್ತು. ಅದು ಬೌಂಡರಿಯಾಚೆ ಬಿದ್ದಾಗ ಮಲಕವ್ವನವರು ಹಾಕಿದ ಕೂಗು, ಸೊಣ್ಣಪ್ಪನವರ ಈವರೆಗಿನ ಯಾವ ಕೂಗಿಗಿಂತಲೂ ದೊಡ್ಡದೆಂದು ಸ್ವತಃ ಸೊಣ್ಣಪ್ಪನವರೇ ದೃಢೀಕರಿಸಿದ್ದಾರೆ.

೮. ಆ ಸಮಯದಲ್ಲಿ, ಅಂದರೆ ಅಧಿಕೃತ ವರ್ತಮಾನದಲ್ಲಿ, ಹಣಮಂತನವರ ಬೌಲರ್ ಇನ್ನೂ ಓಡಲು ಶುರುಮಾಡಿರಲಿಲ್ಲ. "ಯವ್ವಾ, ನೀನೂ ಹಿಂಗ ಮಾಡಿದೇನ?" ಎಂಬ ಒಂದೇ ಸಾಲಿನ ದೂರನ್ನು ಅವರು ಸಲ್ಲಿಸಿದ್ದು, ಅದನ್ನು ಸ್ವೀಕರಿಸಲಾಗಿದೆ. ಆದ್ದರಿಂದ ಮಲಕವ್ವನವರನ್ನು ದೂರುದಾರರ ಪಟ್ಟಿಯಿಂದ ತೆಗೆದು ಎದುರುದಾರರ ಪಟ್ಟಿಗೆ ವರ್ಗಾಯಿಸಲಾಗಿದೆ. ಅವರ ಅರ್ಜಿಗೆ ಪಂದ್ಯಾವಳಿಯ ಆರಂಭದಲ್ಲಿಯೇ ಸಿದ್ಧಪಡಿಸಿ, ಮೊಹರು ಸಿಗದೆ ಉಳಿದಿದ್ದ "ತಮ್ಮ ಕೋರಿಕೆ ಪರಿಶೀಲನೆಯಲ್ಲಿದೆ" ಎಂಬ ಉತ್ತರವನ್ನೂ, ಕೂಗಿದ್ದೇಕೆಂದು ಕಾರಣ ಕೇಳುವ ನೋಟಿಸನ್ನೂ, ಮಿತವ್ಯಯದ ದೃಷ್ಟಿಯಿಂದ ಒಂದೇ ಲಕೋಟೆಯಲ್ಲಿರಿಸಿ ಇಂದು ಅಂಚೆಗೆ ಹಾಕಲಾಗಿದೆ.

ಸಹಿ/-
ಗದಿಗೆಪ್ಪ
ಪ್ರಭಾರ ಅಧೀಕ್ಷಕರು
(ಇನ್ನೂ ಫೈನಲ್ ನೋಡಿರುವುದಿಲ್ಲ; ಯಾರೂ ಹೇಳತಕ್ಕದ್ದಲ್ಲ)

ಪ್ರತಿಗಳು:
೧. ಶ್ರೀ ಸೊಣ್ಣಪ್ಪ, ಮಾಹಿತಿಗಾಗಿ ಮತ್ತು ಮೆಲುದನಿಯಲ್ಲಿ ಓದಿಕೊಳ್ಳಲು.
೨. ಶ್ರೀ ಹಣಮಂತ, ಇವರ ಫೋನಿಗೆ ಕಳುಹಿಸಲಾಗಿದೆ, ತಲುಪಿದಾಗ ತಲುಪುತ್ತದೆ.
೩. ಸಂಬಂಧಪಟ್ಟ ಬೌಲರ್, ಮುಂದಿನ ಸಲ ಎಲ್ಲರೂ ಸಿದ್ಧರಿರುವರೇ ಎಂದು ಕೇಳಿ ಚೆಂಡು ಎಸೆಯುವ ಕೋರಿಕೆಯೊಂದಿಗೆ.
೪. ಶ್ರೀಮತಿ ಮಲಕವ್ವ, ಮನೆಗೆ ಬೀಗ ಹಾಕಿರುವುದರಿಂದ, ಕೇರಾಫ್ ಶ್ರೀಮತಿ ರಾಮಮ್ಮ, ಟಿ.ವಿ. ಮುಂದೆ.