ನನ್ನ ಬಲಭುಜದ ಪ್ರಕೃತಿ ಚಿಕಿತ್ಸೆ

೧೯೩೪ನೆಯ ಇಸವಿ, ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ, ಪುಣೆಯ ನಾರಾಯಣ ಪೇಟೆಯ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ, ನನ್ನ ಬಲಗೈ ನನ್ನ ತಲೆಗೆ ಟೋಪಿ ಇಡಲು ನಿರಾಕರಿಸಿತು. ಟೋಪಿ ಎದೆಯವರೆಗೆ ಬಂತು. ಭುಜದವರೆಗೂ ಬಂತು. ಅಲ್ಲಿಂದ ಮುಂದೆ ಒಂದಂಗುಲವೂ ಏರಲಿಲ್ಲ. ಕೊನೆಗೆ ತಲೆಯನ್ನೇ ಟೋಪಿಯ ಬಳಿಗೆ ಬಗ್ಗಿಸಿ ಕಚೇರಿಗೆ ಹೋದೆ.

ಹುಟ್ಟೂರು ಧಾರವಾಡವಾದರೂ ನಾನು ಇಲ್ಲಿನ ಒಂದು ಮರಾಠಿ ದಿನಪತ್ರಿಕೆಯಲ್ಲಿ ಉಪಸಂಪಾದಕ. ನಾನು ಬರೆದ ಸುದ್ದಿಗೆ ಅಂದಿನವರೆಗೆ ಒಂದೇ ಒಂದು ತಿದ್ದುಪಡಿ ಪ್ರಕಟವಾಗಿರಲಿಲ್ಲ. ಎರಡು ಮೂಲಗಳಿಂದ ಖಚಿತವಾಗದ ಯಾವುದನ್ನೂ ನಾನು ನಂಬುವವನಲ್ಲ. ಇದನ್ನು ಕಚೇರಿಯಲ್ಲಿ ಶಿಸ್ತು ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಒಬ್ಬ ಮನುಷ್ಯನ ಕೈ ಮೇಲೇಳದಿರುವುದು ದೊಡ್ಡ ಸುದ್ದಿಯೇನಲ್ಲ. ಆದರೆ ವೈಶಾಖದಲ್ಲಿ ಸರಸಿಯ ಮದುವೆ ಇತ್ತು. ಸರಸಿ ನನ್ನ ತೀರಿಹೋದ ಅಕ್ಕನ ಮಗಳು. ನಾಲ್ಕನೆಯ ವಯಸ್ಸಿನಿಂದ ನಮ್ಮ ಮನೆಯಲ್ಲೇ ಬೆಳೆದವಳು. ಮುಹೂರ್ತದವರೆಗೆ ವಧೂವರರ ನಡುವೆ ಹಿಡಿಯುವ ಅಂತರಪಟದ ಒಂದು ತುದಿಯನ್ನು ವಧುವಿನ ಸೋದರಮಾವನೇ ಹಿಡಿಯಬೇಕೆಂಬುದು ನಮ್ಮ ಮನೆತನದ ಪದ್ಧತಿ. ಇನ್ನೊಂದು ತುದಿಯನ್ನು ಹಿಡಿಯುವವರು ವರನ ಸೋದರಮಾವ. ಬೆಳಗಾವಿಯ ನಿವೃತ್ತ ಜೇಲರು. ಎತ್ತರ ಆರಡಿ! ನನ್ನ ಎತ್ತರ ಐದಡಿ ಎರಡಂಗುಲ. ಕೈ ಪೂರ್ತಿ ಎತ್ತಿದರೂ ನನಗೊಂದು ಮಣೆ ಬೇಕು. ಈ ಕೈಯಿಂದ ಹಿಡಿದರೆ ಅಂತರಪಟ ವಧುವಿನ ಮೂಗಿನ ಮಟ್ಟಕ್ಕೆ ಬರುತ್ತಿತ್ತು.

"ನಿಮ್ಮ ಕಾಕಾನ ಮಗ ಇದ್ದಾರಲ್ಲ, ಅವರು ಹಿಡೀಲಿ ಬಿಡ್ರಿ" ಎಂದಳು ಹೆಂಡತಿ.

ಬದನೆಕಾಯಿ ಹೆಚ್ಚುತ್ತಿದ್ದ ಸರಸಿ ಈಳಿಗೆಯನ್ನು ಮಗುಚಿಟ್ಟಳು.

"ಮಾಮಾನ ಹಿಡೀಬೇಕು. ಇಲ್ಲಂದ್ರ ಅಂತರಪಟನ ಬ್ಯಾಡ. ಹಂಗ ಒಬ್ಬರ ಮಾರಿ ಒಬ್ಬರು ನೋಡಕೋತ ನಿಂದರ್ತೀವಿ."

"ಅಯ್ಯ ಶಿವನ! ಕೇಳಿದ್ರೇನ್ರೀ ಹುಡುಗಿ ಮಾತು?"

ಕೇಳಿದ್ದೆ. ಆ ಕ್ಷಣವೇ ನಿರ್ಧರಿಸಿದೆ: ವೈಶಾಖದೊಳಗೆ ಈ ಕೈ ಮೇಲೇರಬೇಕು. ಮೂರೂವರೆ ತಿಂಗಳು ಕೈಯಲ್ಲಿತ್ತು. ಇದರಲ್ಲಿ ಕಷ್ಟವೇನಿದೆ?

ಮೊದಲು ಹೋದದ್ದು ಡಾಕ್ಟರ ಬಳಿಗೆ. ಅವರು ಭುಜವನ್ನು ಒತ್ತಿ ನೋಡಿದರು. "ಕೀಲು ಬಿಗಿದಿದೆ. ದಿನಾ ಸ್ವಲ್ಪ ಸ್ವಲ್ಪ ಆಡಿಸುತ್ತಾ ಇರಿ. ಉಳಿದದ್ದನ್ನು ದೇಹವೇ ನೋಡಿಕೊಳ್ಳುತ್ತದೆ" ಎಂದರು. ಶೀಶೆಯಿಲ್ಲ, ಪುಡಿಯಿಲ್ಲ, ಮುಲಾಮಿಲ್ಲ! ಮನೆಗೆ ಬಂದು ಹೆಂಡತಿಗೆ ಹೇಳಿದೆ: "ದೇಹಾನ ನೋಡಿಕೊಳ್ಳೂದಾದ್ರ ಇವರು ಯಾಕ ಬೇಕು?" ಅವಳು ತಲೆಯಾಡಿಸಿ ಒಲೆಯ ಕಡೆ ತಿರುಗಿದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಇದು ಮೊದಲನೆಯ ತಪ್ಪು.

ಎರಡನೆಯ ತಪ್ಪು ಮಹಡಿಯಲ್ಲಿ ವಾಸಿಸುತ್ತಿತ್ತು. ಅವರ ಹೆಸರು ಲೇಲೆ. ನಿವೃತ್ತ ಡ್ರಾಯಿಂಗ್ ಮಾಸ್ತರರು, ಪ್ರಕೃತಿ ಚಿಕಿತ್ಸೆಯ ಪರಮಭಕ್ತರು. "ಅಹೋ, ಔಷಧ ಎಲ್ಲಾ ಸುಳ್ಳು. ಮಣ್ಣಿನಿಂದ ಬಂದ ದೇಹ, ಮಣ್ಣಿನಿಂದಲೇ ನೆಟ್ಟಗಾಗಬೇಕು" ಎಂದು ಮರಾಠಿಯಲ್ಲಿ ಸಾರಿ, ಮುಠಾ ನದಿಯ ದಂಡೆಯ ಒಂದು ಗೊತ್ತಾದ ಜಾಗದಿಂದ ಕರಿಮಣ್ಣು ತರಿಸಿದರು. ದಿನಾ ಬೆಳಿಗ್ಗೆ ಭುಜಕ್ಕೆ ಎರಡು ಬೆರಳು ದಪ್ಪ ಮಣ್ಣು, ಮೇಲೆ ಬಾಳೆಲೆ, ಅದರ ಮೇಲೆ ಸೂರ್ಯ.

ವೃತ್ತಿಧರ್ಮಕ್ಕೆ ತಕ್ಕಂತೆ ನಾನು ವಾರಕ್ಕೊಮ್ಮೆ ದಾಖಲೆ ಇಟ್ಟೆ. ನಡುಮನೆಯ ಗೋಡೆಗೆ ಎದುರಾಗಿ ನಿಂತು, ಬಲಗೈ ಬೆರಳು ಎಷ್ಟು ಎತ್ತರ ಏರುತ್ತದೋ ಅಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು, ಅದರ ಪಕ್ಕದಲ್ಲಿ ಲೇಲೆ ಮತ್ತು ಸರಸಿಯ ಸಹಿ. ಎರಡು ಮೂಲಗಳು!

ಸೂರ್ಯನದೇ ತೊಂದರೆ. ನಮ್ಮ ವಾಡೆಯ ಅಂಗಳಕ್ಕೆ ಬಿಸಿಲು ಬರುವುದು ಎರಡೇ ತಾಸು. ಆ ಎರಡು ತಾಸು ಹಿತ್ತಿಲ ಕೋಣೆಯ ಯಮುತಾಯಿಯವರ ಹಪ್ಪಳಗಳಿಗೆ ಮೀಸಲು. ನಾನು ಹಪ್ಪಳಗಳ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದೆ. ಮೂರನೆಯ ದಿನ ನಿದ್ದೆ ಬಂತು. ನಿದ್ದೆಯಲ್ಲಿ ಮಗ್ಗುಲಾದೆ. ಎಚ್ಚರವಾದಾಗ ಒಣಗಿದ ಮಣ್ಣೆಲ್ಲ ಹಪ್ಪಳಗಳ ಮೇಲಿತ್ತು, ಹದಿನಾಲ್ಕು ಹಪ್ಪಳ ನನ್ನ ಬೆನ್ನಿಗೆ ಅಂಟಿದ್ದವು. ಯಮುತಾಯಿ ಏನು ಹೇಳಿದರೆಂಬುದನ್ನು ಪ್ರಕಟಿಸುವಂತಿಲ್ಲ. ಆ ಹಪ್ಪಳಗಳನ್ನು ಮಾತ್ರ ಅವರು ಎಸೆಯಲಿಲ್ಲ. ಒರೆಸಿ, ಕರಿದು, ದಿನಕ್ಕೆರಡರಂತೆ ನಮ್ಮ ಮನೆಗೇ ಕಳಿಸಿದರು.

ಎರಡು ವಾರ ಕಳೆದರೂ ಗೋಡೆಯ ಗೆರೆ ಕದಲಲಿಲ್ಲ. ನನಗೆ ಅವಸರ ಹುಟ್ಟಿತು. ಕಚೇರಿಯ ಅಚ್ಚುಮೊಳೆ ಜೋಡಿಸುವವನೊಬ್ಬ, ಕುಸ್ತಿ ತಾಲೀಮಿನ ಗುರುಗಳಾದ ವಸ್ತಾದರು ಕೈ ಎಳೆದರೆ ಒಂದೇ ಏಟಿಗೆ ಸರಿಹೋಗುತ್ತದೆ ಎಂದ. ಹೋದೆ.

ಸುದ್ದಿಯ ಮುಖ್ಯಾಂಶ ಮೊದಲ ಸಾಲಿನಲ್ಲೇ ಇರಬೇಕೆಂಬುದು ನನ್ನ ವೃತ್ತಿಯ ಮೊದಲ ಪಾಠ. ಅಂದು ಅದನ್ನು ಮರೆತೆ. ಕುಸ್ತಿಯ ಕೆಂಪುಮಣ್ಣಿನ ಅಂಚಿನಲ್ಲಿ ನಿಂತು, ಹಿನ್ನೆಲೆಯಿಂದ ಆರಂಭಿಸೋಣವೆಂದು, ಆರೋಗ್ಯವಂತ ಕೈ ಹೇಗೆ ಏರುತ್ತದೆ ಎಂಬುದನ್ನು ತೋರಿಸಲು ಎಡಗೈ ಎತ್ತಿದೆ. "ಈಗ ನೋಡಿ ವಸ್ತಾದ, ಈ ಕೈ…" ಎಂದೆ.

ವಾಕ್ಯ ಮುಗಿಯಲಿಲ್ಲ. ವಸ್ತಾದರು ಆ ಎಡಗೈಯನ್ನೇ ಹಿಡಿದು, ತಿರುವಿ, ಎಳೆದರು. ತಾಲೀಮಿನಲ್ಲಿದ್ದ ಪೈಲವಾನರೆಲ್ಲ ಸಾಮು ನಿಲ್ಲಿಸಿ ನೋಡುವಂತೆ ನಾನು ಕೂಗಿದೆ.

"ಝಾಲಂ!" ಎಂದರು ವಸ್ತಾದರು. ಆಯಿತಂತೆ!

ನಾಲ್ಕು ದಿನ ನನಗೆ ಎರಡೂ ಕೈ ಇರಲಿಲ್ಲ. ಹೆಂಡತಿ ಟೋಪಿ ಇಟ್ಟಳು, ಗುಂಡಿ ಹಾಕಿದಳು, ಅನ್ನ ಕಲಸಿ ಬಾಯಿಗೆ ಕೊಟ್ಟಳು. ಒಂದು ತುತ್ತಿನ ನಡುವೆ ಕೇಳಿದಳು:

"ಇನ್ನ ಕಾಲು ಉಳದಾವಲ್ಲ, ಅವನ್ನ ಯಾರ ಕಡೆ ತೋರಸ್ತೀರಿ?"

ಐದನೆಯ ದಿನ ಎಡಗೈ ಹಾದಿಗೆ ಬಂತು. ಲೇಲೆಯವರು ಕ್ಷಮಿಸಿ ಮತ್ತೆ ಮಣ್ಣು ಮೆತ್ತಿದರು. ಅಂದೇ ಹೆಂಡತಿ ಹೊಸ ಕೆಲಸ ಹಚ್ಚಿದಳು.

"ಏನ್ರೀ, ಮಣ್ಣು ತೊಳಕೊಳ್ಳಾಕ ದಿನಾ ಅಷ್ಟು ಹೊತ್ತು ಸ್ನಾನ ಮಾಡ್ತೀರಿ. ಮನ್ಯಾಗ ನಿಮ್ಮಷ್ಟು ಮಡಿ ಯಾರಿಲ್ಲ. ಲಗ್ನದ ಶಾವಿಗಿ ಹೊಸೆದು ಹೊಸೆದು ನನ್ನ ತೋಳು ಬಿದ್ದಾವ. ಮಡಿ ಸೀರಿ ನೀವ ಹರವ್ರಿ."

ಒಳಮನೆಯಲ್ಲಿ ಎರಡು ಹಗ್ಗಗಳಿಂದ ತೊಲೆಗೆ ತೂಗಹಾಕಿದ ಬಿದಿರಿನ ಗಳವಿದೆ. ಮೈಲಿಗೆ ತಗಲದಂತೆ ಮಡಿಬಟ್ಟೆಯನ್ನು ಉದ್ದನೆಯ ಮಡಿಕೋಲಿನಿಂದ ಎತ್ತಿ ಅದರ ಮೇಲೆ ಹರವಬೇಕು. ಹದಿನೆಂಟು ಮೊಳದ ಒದ್ದೆ ಸೀರೆ ಒಂಟಿ ಕೈಗೆ ಬಗ್ಗುವುದಿಲ್ಲ. ಎರಡೂ ಕೈಯಲ್ಲಿ ಕೋಲು ಹಿಡಿದೆ. ಎಡಗೈ ನೂಕಿತು. ಬಲಗೈ ಗೊಣಗುತ್ತ ಹಿಂದೆ ಹೋಯಿತು. ಎರಡು ಸೀರೆ, ಒಂದು ಪಂಚೆ, ದಿನಾ.

"ನೋಯ್ತದ" ಎಂದೆ.

"ನೋಯೂದಕ್ಕಿಂತ ಮೊದಲ ನಿಂದರ್ರಿ. ಆಮ್ಯಾಲೆ ಮತ್ತೊಮ್ಮೆ ಎತ್ರಿ. ಸೀರಿ ಎಲ್ಲೂ ಓಡಿ ಹೋಗೂದಿಲ್ಲ."

ಆ ವಾರವೇ ಗೋಡೆಯ ಗೆರೆ ಒಂದು ಬೆರಳು ಏರಿತು! ಮುಂದಿನ ವಾರ ಇನ್ನೊಂದು. ಲೇಲೆಯವರು ಗೋಡೆಯ ಮುಂದೆ ಕೈಮುಗಿದು ನಿಂತರು. "ಬಘಾ, ನೋಡಿ! ಮಣ್ಣಿನ ಮಹಿಮೆ!" ಸರಸಿ ಪ್ರತಿ ವಾರ ಸಹಿ ಹಾಕುವಾಗ ನಗುತ್ತಿದ್ದಳು. ಮದುವೆಯ ಸಂತೋಷವೆಂದು ನಾನು ದಾಖಲಿಸಿಕೊಂಡೆ.

ಹೀಗೆ ಏರಿದ ಹತ್ತನೆಯ ಗೆರೆ ನನ್ನ ತಲೆಯನ್ನು ದಾಟಿದ ದಿನ, ಟೋಪಿಯನ್ನು ಬಲಗೈಯಿಂದಲೇ ಇಟ್ಟುಕೊಂಡು ಕಚೇರಿಗೆ ಹೋದೆ. ಹೋದವನೇ ಲೇಖನ ಬರೆದೆ: ಮಣ್ಣು ನನ್ನ ಭುಜವನ್ನು ಹೇಗೆ ಬಿಡಿಸಿತು, ಎರಡು ಸಾಕ್ಷಿಗಳ ಸಹಿಯೊಂದಿಗೆ. ಒಂದೂವರೆ ಕಾಲಂ! ಎರಡೇ ದಿನಗಳಲ್ಲಿ ನದಿಯ ದಂಡೆಯ ಆ ಜಾಗದಲ್ಲಿ ಜನ ತಂಬಿಗೆ, ಡಬ್ಬಿ, ಬುಟ್ಟಿ ಹಿಡಿದು ನೆರೆದರು. ಲೇಲೆಯವರಿಗೇ ಮಣ್ಣು ಸಿಗಲಿಲ್ಲ.

ಮುಂದಿನ ವಾರ ಸೀರೆ ಹರವಲು ಹೋದರೆ ಕೋಲು ಗಳಕ್ಕೆ ಎಟುಕಲಿಲ್ಲ. ತಲೆಯೆತ್ತಿ ನೋಡಿದೆ. ಮೊದಲು ನನ್ನ ಕೈಗೆ ಸಿಗುವಷ್ಟು ಕೆಳಗಿದ್ದ ಗಳ ತೊಲೆಯ ಹತ್ತಿರ ಹೋಗಿ ಕೂತಿತ್ತು. ಹಗ್ಗದಲ್ಲಿ ಒಂದರ ಮೇಲೊಂದು ಗಂಟುಗಳು. ಎಣಿಸಿದೆ. ಹನ್ನೊಂದು. ನಡುಮನೆಗೆ ಹೋಗಿ ಗೋಡೆಯಲ್ಲಿ ಮೇಲೇರಿದ ಗೆರೆಗಳನ್ನು ಎಣಿಸಿದೆ. ಅಂದಿನದೂ ಸೇರಿ ಹನ್ನೊಂದು.

"ಈ ಗಂಟು ಯಾರು ಹಾಕಿದ್ದು?"

"ನಾನ. ವಾರಕ್ಕೊಂದು. ಸರಸಿ ಸ್ಟೂಲು ಹಿಡೀತಿದ್ಲು" ಎಂದಳು ಹೆಂಡತಿ, ಒಗ್ಗರಣೆಯಿಂದ ಕಣ್ಣೆತ್ತದೆ. "ನಮ್ಮಜ್ಜಿಗೂ ಹಿಂಗ ಹಿಡಿದಿತ್ತು. ಗಳ ಏರಿಸಿ ಏರಿಸಿನ ಬಿಡಿಸಿದ್ರು. ಆ ಡಾಕ್ಟರೂ ಅದನ್ನ ಹೇಳಿದ್ರಲ್ಲೇನ್ರೀ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಎರಡನೇ ಮೂಲ ಹುಡಕ್ತಿದ್ರಿ."

"ಮತ್ತ ಆ ಮಣ್ಣು?"

"ಮಣ್ಣಿಂದೂ ಉಪಯೋಗ ಆತ್ರಿ. ದಿನಾ ಎರಡು ತಾಸು ನೀವು ಸುಮ್ಮನ ಮಲಗಿರ್ತಿದ್ರಿ. ನಮಗ ಭಾಳ ಆರಾಮಾತು."

ಮುಹೂರ್ತದ ದಿನ ಬಂತು. ವಾಡೆಯ ಅಂಗಳದ ಚಪ್ಪರದಲ್ಲಿ ನಾನು ಮಣೆಯ ಮೇಲೆ ನಿಂತು ಅಂತರಪಟ ಎತ್ತಿದೆ. ಎದುರಿಗೆ ಜೇಲರು. ಮಂಗಲಾಷ್ಟಕಗಳು ಶುರುವಾದವು. ಪುಣೆಯಲ್ಲಿ ಮದುವೆಗೆ ಬಂದವರೆಲ್ಲ ಸ್ವಂತ ಮಂಗಲಾಷ್ಟಕ ಕಟ್ಟಿಕೊಂಡು ಬರುವ ರೂಢಿ. ಯಮುತಾಯಿ ಎರಡು ಹಾಡಿದರು. ಲೇಲೆಯವರು ಪಂಚಭೂತಗಳ ಮೇಲೆ ಐದು ಕಟ್ಟಿದ್ದರು, ಮಣ್ಣಿನದೇ ಎಲ್ಲಕ್ಕಿಂತ ಉದ್ದ. ಏಳನೆಯದಕ್ಕೆ ಜೇಲರ ತೋಳು ನಡುಗಿತು. ಹತ್ತನೆಯದಕ್ಕೆ ಅವರ ತುದಿ ಜಗ್ಗಿತು. ನನ್ನ ತುದಿ? ಕದಲಲಿಲ್ಲ! ಒದ್ದೆ ಸೀರೆಯ ಮುಂದೆ ಒಣ ಅಂತರಪಟ ಯಾವ ಲೆಕ್ಕ? ಬಟ್ಟೆಯ ಅಂಚಿನ ಕೆಳಗಿನಿಂದ ಸರಸಿ ನನ್ನ ಬಲಗೈಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನ್ನದನ್ನು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಭಟ್ಟರು ಮುಹೂರ್ತ ಸಾರಿದರು. ವಾದ್ಯ ಮೊಳಗಿತು. ಅಕ್ಷತೆ ಬಿತ್ತು. ಜೇಲರು ತಮ್ಮ ತುದಿ ಬಿಟ್ಟರು. ನಾನು ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದೆ. ಮೂರು ತಿಂಗಳು ನಾನು ಕಲಿತದ್ದು ಎತ್ತುವುದನ್ನು ಮಾತ್ರ! ಅಂತರಪಟದ ಜೋತುಬಿದ್ದ ತುದಿ ವರನ ತಲೆಯನ್ನು ಪೂರ್ತಿ ಮುಚ್ಚಿತ್ತು. ಸರಸಿ ಮಾಲೆ ಹಿಡಿದು ಅವನ ಕೊರಳು ಹುಡುಕುತ್ತಿದ್ದಳು.

"ಇಳಸ್ರೀ!" ಹೆಂಗಸರ ಗುಂಪಿನಿಂದ ಹೆಂಡತಿಯ ದನಿ ವಾದ್ಯವನ್ನೂ ಮೀರಿ ಬಂತು. "ಅದು ಗಳ ಅಲ್ರೀ, ಲಗ್ನ! ಕೈ ಇಳಸ್ರಿ!"

ಇಳಿಸಿದೆ. ಮದುವೆ ಆಯಿತು. ಜೇಲರೂ ನಕ್ಕರು.

ಮದುವೆಯ ಮೂರನೆಯ ದಿನ ನಮ್ಮ ಪತ್ರಿಕೆಯ ನಾಲ್ಕನೆಯ ಪುಟದ ಕೆಳಗೆ ಎರಡು ಸಾಲು ಪ್ರಕಟವಾಯಿತು: "ಭುಜ ಚಿಕಿತ್ಸೆಯ ಲೇಖನದಲ್ಲಿ 'ಮಣ್ಣು' ಎಂದು ಇರುವಲ್ಲೆಲ್ಲ 'ಮಡಿಕೋಲು' ಎಂದು, 'ಲೇಲೆ' ಎಂದು ಇರುವಲ್ಲೆಲ್ಲ 'ಉಪಸಂಪಾದಕರ ಹೆಂಡತಿ' ಎಂದು ಓದಿಕೊಳ್ಳಬೇಕು."

ಈ ಬರಹ ಮುಗಿಯುವ ಹೊತ್ತಿಗೆ ತಿಳಿದುಬಂದಂತೆ, ಲೇಲೆಯವರ ಎಡಭುಜ ಹಿಡಿದುಕೊಂಡಿದೆ. ಮೊನ್ನೆ ಸಂಜೆ ಕೆಳಗೆ ಬಂದು ನಮ್ಮ ಮಡಿಕೋಲನ್ನು ಕೇಳಿ ಒಯ್ದರು. ಇನ್ನೂ ವಾಪಸು ಕೊಟ್ಟಿಲ್ಲ. ಹೆಂಡತಿ ಗಳವನ್ನು ಹನ್ನೊಂದು ಗಂಟು ಕೆಳಗಿಳಿಸಿದ್ದಾಳೆ. ಸೀರೆಗಳನ್ನು ನಾನು ಬರಿಗೈಯಲ್ಲಿ ಹರವುತ್ತಿದ್ದೇನೆ.