ಇಳಿಸಿದ್ದು ನಾನೊಬ್ಬಳೇ, ಏರಿಸಲು ಊರೆಲ್ಲ

ತೂಕ ಇಳಿಸುವಾಗ ಯಾರೂ ನನ್ನ ತಂಟೆಗೆ ಬರಲಿಲ್ಲ. ಇಳಿದು ನಿಂತ ಮೇಲೆ ನೋಡಿ, ವಾರಕ್ಕೊಂದು ಪ್ರಸಂಗ. ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ, ಮನೆ ಬಾಗಿಲಿಗೇ ಬರುತ್ತವೆ.

ನಾನು ಬೀದಿಯಲ್ಲಿ ಕೂಗುವ ಹೆಂಗಸು. ನಮ್ಮ ಹೋಬಳಿಯ ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸಿ, ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡು, ಬೀಗ ಜಡಿದು ಹೋದರು. ಆ ಬೀಗ ತೆಗೆಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಗ ನನ್ನ ಮಂಡಿಗಳು ಕೈಕೊಟ್ಟವು. ದೊಡ್ಡಬಳ್ಳಾಪುರದ ಡಾಕ್ಟರಮ್ಮ ಮುಖ ನೋಡಿ ಮಾತಾಡುವವರಲ್ಲ. "ಈ ತೂಕ ಹೊತ್ಕೊಂಡು ಈ ಮಂಡಿ ಇನ್ನು ನಡೆಯಲ್ಲಮ್ಮ" ಅಂದುಬಿಟ್ಟರು. ಮಾತ್ರೆಯಿಲ್ಲ, ಪುಡಿಯಿಲ್ಲ. ಮುದ್ದೆ ಅರ್ಧ ಮಾಡಿದೆ, ಸೊಪ್ಪು ಎರಡರಷ್ಟು ಮಾಡಿದೆ, ಬೆಳಗ್ಗೆ ಕೆರೆ ಏರಿ ಮೇಲೆ ನಡೆದೆ. ವರ್ಷಕ್ಕೂ ಮೇಲೆ ಹಿಡಿಯಿತು. ಕೊನೆಗೆ ಡಾಕ್ಟರಮ್ಮ ಬೆನ್ನು ತಟ್ಟಿ ಹೇಳಿದ್ದು ಇಷ್ಟೇ: "ಅರ್ಧ ಕೆಲಸ ಆಯ್ತು. ಈಗ ಇದನ್ನ ಕಾಯ್ಕೊಳ್ಳಿ. ಮತ್ತೆ ಏರಿಸ್ಕೊಂಡು ಬಂದ್ರೆ ಆಪರೇಷನ್ನೇ."

ಹೋರಾಟ ಮಾಡುವವಳಿಗೆ ಕಾಲು ಹೋದರೆ ಉಳಿಯುವುದು ಬಾಯಿ ಒಂದೇ. ಬರೀ ಬಾಯಿ ಇರುವವರು ಚುನಾವಣೆಗೆ ನಿಲ್ಲುತ್ತಾರೆ. ನನಗೆ ಕಾಲು ಬೇಕಿತ್ತು. ಕಾಯ್ದುಕೊಳ್ಳಲು ಹೊರಟೆ. ಯಾರಿಂದ ಕಾಯಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ರೋಗಿ ನೋಡಲು ಬಂದವರು

ಒಂದು ಬೆಳಗ್ಗೆ ಕೆರೆ ಕಡೆಯಿಂದ ವಾಪಸ್ಸು ಬರುತ್ತೇನೆ, ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ವಯಸ್ಸಾದ ಅತ್ತೆ ಮನೆಯಲ್ಲಿದ್ದರು. ಓಡಿ ಒಳಗೆ ಹೋದರೆ ಅತ್ತೆ ಗಟ್ಟಿಮುಟ್ಟಾಗಿ ನಡುಮನೆಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಸುತ್ತ ನಮ್ಮ ಬೀದಿಯ ಹೆಂಗಸರು. ಮಧ್ಯೆ ಬ್ರೆಡ್ಡು, ಕಿತ್ತಳೆಹಣ್ಣು, ಎಳನೀರು.

ಬೀದಿ ಕೊನೆಯ ಮನೆಯ ಅಜ್ಜಿ ನನ್ನನ್ನು ನೋಡಿದ್ದೇ ಎದ್ದು ನಿಂತರು. "ಅಯ್ಯೋ, ಎದ್ದು ಓಡಾಡ್ತಾ ಇದ್ದೀಯಾ? ಕೂತ್ಕೊ ಕೂತ್ಕೊ, ಸುಸ್ತಾಗುತ್ತೆ."

"ನನಗೇನೂ ಆಗಿಲ್ಲ ಅಜ್ಜಿ."

"ಹಂಗೇ ಅಂತಾರೆ ಕಣಮ್ಮ. ನಮ್ಮ ಭಾವನೂ ಹಂಗೇ ಅಂತಿದ್ರು. ಕೊನೇವರ್ಗೂ ಅಂತಿದ್ರು."

"ನಡೆದೂ ನಡೆದೂ ಇಳಿಸಿದ್ದು ಇದು. ಊಟ ಕಮ್ಮಿ ಮಾಡಿದ್ದೀನಿ, ಅಷ್ಟೇ."

ಅಜ್ಜಿ ಉಳಿದವರ ಕಡೆ ತಿರುಗಿ ದನಿ ತಗ್ಗಿಸಿದರು. "ಊಟಾನೂ ಸೇರ್ತಾ ಇಲ್ವಂತೆ."

ನನಗೆ ರೇಗಿತು. "ಹೋದ ವರ್ಷ ಮಂಡಿ ಹಿಡ್ಕೊಂಡು ಇದೇ ಹೊಸಿಲು ದಾಟೋಕಾಗದೆ ಅಳ್ತಾ ಇದ್ದೆ. ಆಗ ನಿಮ್ಮಲ್ಲಿ ಒಬ್ಬರಾದರೂ ಒಂದು ಕಿತ್ತಳೆಹಣ್ಣು ತಂದ್ರಾ?" ಅಂತ ಕೂಗಿದೆ.

ಅಜ್ಜಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಆಗ ಯಾಕಮ್ಮ ತರೋದು? ಆಗ ನೀನು ಮೈಕೈ ತುಂಬ್ಕೊಂಡು ಚೆನ್ನಾಗಿದ್ದೆಯಲ್ಲ!"

ಒಳಗೆ ಬಿಟ್ಟ ಬಟ್ಟೆ

ಹಳೆಯ ರವಿಕೆಗಳೆಲ್ಲ ಗೋಣಿಚೀಲದಂತೆ ಜೋತಾಡುತ್ತಿದ್ದವು. ನಮ್ಮ ಬೀದಿಯಲ್ಲೇ ಹೊಲಿಯುವ ಹುಡುಗಿಗೆ ಹೊಸದೊಂದು ಕೊಟ್ಟೆ. ಹಾಕಿಕೊಂಡು ನೋಡಿದರೆ ಅಳತೆ ಸರಿ ಇದೆ, ಆದರೆ ಕಂಕುಳ ಕೆಳಗೆ ಎರಡೂ ಕಡೆ ದಪ್ಪಗೆ ಒತ್ತುತ್ತಿದೆ. ತಿರುಗಿಸಿ ನೋಡಿದೆ. ಒಳಗೆ ಮೂರು ಸಾಲು ಹೊಲಿಗೆ, ಅದರಾಚೆ ಅಂಗೈಯಗಲ ಬಟ್ಟೆ ಮಡಿಸಿ ಇಟ್ಟಿದ್ದಾಳೆ.

"ಇದೇನಮ್ಮ ಇದು?"

"ಇರ್ಲಿ ಬಿಡಿ ಅಕ್ಕ. ಆಮೇಲೆ ಒಂದೊಂದೇ ಸಾಲು ಬಿಚ್ಕೊಬಹುದು."

"ಆಮೇಲೆ ಅಂದ್ರೆ ಯಾವಾಗ?"

ಅವಳು ಮಿಷನ್ನಿನ ಚಕ್ರ ನೋಡುತ್ತಾ ಹೇಳಿದಳು. "ಅಂದ್ರೆ... ಹಬ್ಬ ಗಿಬ್ಬ ಕಳೆದ ಮೇಲೆ."

ನನ್ನ ಮೈಯೆಲ್ಲ ಉರಿಯಿತು. "ನೀನು ಬಟ್ಟೆ ಬಿಟ್ಟಿಲ್ಲ ಕಣೇ, ನಾನು ಸೋಲ್ತೀನಿ ಅಂತ ಮೊದಲೇ ಜಾಗ ಮಾಡಿಟ್ಟಿದ್ದೀಯ. ಕತ್ತರಿಸು."

"ಎಲ್ಲ ಹೆಂಗಸರಿಗೂ ಬಿಡ್ತೀನಿ ಅಕ್ಕ. ಬಿಡದಿದ್ರೆ ಬೈತಾರೆ."

"ನಾನು ಬಿಟ್ಟಿದ್ದಕ್ಕೆ ಬೈತಿದ್ದೀನಿ. ಕತ್ತರಿಸು!"

ಅವಳಿಗೆ ಕೈ ಬರಲಿಲ್ಲ. ಒಳ್ಳೆಯ ಬಟ್ಟೆ ದಂಡ ಮಾಡಲು ಯಾವ ಟೈಲರಿಗೆ ತಾನೇ ಮನಸ್ಸಾಗುತ್ತದೆ? ನಾನೇ ಕತ್ತರಿ ಕಿತ್ತುಕೊಂಡು ಎರಡೂ ಕಡೆ ಪರಪರ ಕತ್ತರಿಸಿ, ಆ ಚೂರುಗಳನ್ನು ಅವಳ ಮಿಷನ್ ಮೇಲೆ ಎಸೆದೆ. ಅಂಗಡಿಯಲ್ಲಿದ್ದ ಹೆಂಗಸರು ಬೆಚ್ಚಿ ನೋಡಿದರು. ನನಗೂ ಒಂಥರಾ ಗೆದ್ದಂತಾಯಿತು.

ಅವಳು ರವಿಕೆ ಎತ್ತಿ ಬೆಳಕಿಗೆ ಹಿಡಿದಳು. ಕೋಪದಲ್ಲಿ ನಾನು ಮೂರು ಸಾಲನ್ನೂ ದಾಟಿ ಕತ್ತರಿಸಿದ್ದೆ.

"ಇದನ್ನ ಹಾಕ್ಕೊಬೇಕು ಅಂದ್ರೆ ಅಕ್ಕ," ಅಂದಳು, "ಇನ್ನೂ ಒಂದ್ಸಲ ಸಣ್ಣ ಆಗಿ ಬರ್ಬೇಕು."

ಮಿಕ್ಕಿದ್ದು ಯಾರ ಹೊಟ್ಟೆಗೆ

ನಮ್ಮಂಥ ಮನೆಗಳಲ್ಲಿ ಒಂದು ಕಾನೂನಿದೆ. ಯಾರೂ ಬರೆದಿಲ್ಲ, ಯಾರೂ ಮುರಿದಿಲ್ಲ. ಪಾತ್ರೆಯಲ್ಲಿ ಮಿಕ್ಕಿದ್ದು ಹೆಂಗಸಿನ ಹೊಟ್ಟೆಗೆ. ಮಕ್ಕಳು ಬಿಟ್ಟ ದೋಸೆಯ ಅಂಚು, ತಳದ ಒಂದು ಸೌಟು ಹುಳಿ, ಬೆಳಗಿನ ಚಿತ್ರಾನ್ನ, ಎಲ್ಲ ಸೇರಿ ನನ್ನ ಮೈಯಲ್ಲಿ ಇಪ್ಪತ್ತು ವರ್ಷ ಜಮೆಯಾಗಿತ್ತು. ನಾನು ಹಸಿದು ತಿಂದು ದಪ್ಪ ಆದವಳಲ್ಲ. ಚೆಲ್ಲಬಾರದು ಅಂತ ತಿಂದು ದಪ್ಪ ಆದವಳು.

ಒಂದು ದಿನ ಅನ್ನದ ತಪ್ಪಲೆ ನಡುಮನೆಗೆ ತಂದಿಟ್ಟೆ. "ಇವತ್ತಿಂದ ಮಿಕ್ಕಿದ್ದು ನಾನು ತಿನ್ನಲ್ಲ. ನನ್ನ ಹೊಟ್ಟೆ ಮನೆಯ ಕಲಗಚ್ಚಿನ ಬಾನಿ ಅಲ್ಲ."

ಅತ್ತೆ ಕಣ್ಣಗಲಿಸಿದರು. "ಅನ್ನ ಚೆಲ್ತೀಯಾ? ಅನ್ನಪೂರ್ಣೇಶ್ವರಿ ಮುನಿಸ್ಕೊತಾಳೆ!"

"ಚೆಲ್ಲೋದು ಬೇಡ ಅತ್ತೆ. ಯಾರು ಇಷ್ಟು ಬೇಯಿಸು ಅಂದ್ರೋ ಅವರು ತಿನ್ಲಿ."

ದಿನಾ ಬೆಳಗ್ಗೆ "ಒಂದು ಹಿಡಿ ಜಾಸ್ತಿನೇ ಹಾಕೇ, ಯಾರಾದ್ರೂ ಬಂದ್ರೆ?" ಅನ್ನುತ್ತಿದ್ದವರು ನಮ್ಮ ಯಜಮಾನರು. ಬರುತ್ತಿದ್ದವರು ಯಾರೂ ಇಲ್ಲ. ಪಾಪ, ಮಾತಿಗೆ ತಪ್ಪಲಿಲ್ಲ. ಅಮ್ಮನ ಮುಖ ನೋಡಿಕೊಂಡು, ಅನ್ನಪೂರ್ಣೆಗೆ ಹೆದರಿಕೊಂಡು, ಮಿಕ್ಕಿದ್ದೆಲ್ಲ ಒಬ್ಬರೇ ಮುಗಿಸತೊಡಗಿದರು.

ಯುಗಾದಿ ಹೊತ್ತಿಗೆ ಅವರ ಪ್ಯಾಂಟಿನ ಹುಕ್ಕು ಹಾರಿಹೋಯಿತು. ಅವರನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಒಮ್ಮೆ ಇವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ನಾನು ಇಳಿಸಿ ಅಂದಿದ್ದೆ ಕಣಮ್ಮ," ಅಂದರು. "ಯಜಮಾನರ ಹೆಸರಿಗೆ ಖಾತೆ ಮಾಡ್ಕೊಡಿ ಅಂದಿರಲಿಲ್ಲ."

ಮಡಿಸಿದ ಎಲೆ

ಹೊಸಕೋಟೆ ಕಡೆ, ಸಮೇತನಹಳ್ಳಿ ಹತ್ತಿರದ ಒಂದು ಊರಿಗೆ ನನ್ನ ತಂಗಿಯ ಮಗಳನ್ನು ಕೊಟ್ಟರು. ಮದುವೆ ಮುಗಿದ ಮೇಲೆ ಬೀಗರೂಟ. ಗಂಡಿನ ಕಡೆಯವರು ಬಡಿಸುವುದು, ನಾವು ಉಣ್ಣುವುದು. ಬೀಗರೂಟದಲ್ಲಿ ಬಡಿಸುವವರಿಗೆ "ಸಾಕು" ಅನ್ನುವ ಮಾತು ಕೇಳಿಸುವುದೇ ಇಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಸಾರು ಬೀಳುತ್ತದೆ.

ಅರ್ಧ ಮುದ್ದೆ, ಎರಡು ತುಂಡು, ಒಂದಿಷ್ಟು ಈರುಳ್ಳಿ ಸೌತೆಕಾಯಿ. ನನ್ನ ಊಟ ಮುಗಿಯಿತು. ಬಕೆಟ್ಟು ಹಿಡಿದವನು ಮತ್ತೆ ಬರುವುದು ಕಾಣಿಸಿತು. ತಪ್ಪಿಸಿಕೊಳ್ಳಲು ಎಲೆ ಮಡಿಸಿಬಿಟ್ಟೆ.

ಬಕೆಟ್ಟಿನವನು ಅಲ್ಲೇ ನಿಂತ. ನನ್ನ ಅಕ್ಕಪಕ್ಕದವರ ಕೈ ಬಾಯಿಗೆ ಹೋಗುತ್ತಿದ್ದದ್ದು ನಿಂತಿತು. ಹೆಣ್ಣಿನ ದೊಡ್ಡಮ್ಮ ಪಂಕ್ತಿ ಮುಗಿಯುವ ಮುಂಚೆ ಎಲೆ ಮಡಿಸಿದಳು ಅಂದರೆ ಆ ಸೀಮೆಯಲ್ಲಿ ಒಂದೇ ಅರ್ಥ: ತುಂಡು ಸರಿಯಾಗಿ ಬಿದ್ದಿಲ್ಲ, ಮುನಿಸಿಕೊಂಡಿದ್ದಾಳೆ.

ನನ್ನ ತಮ್ಮ ಮೂರು ಎಲೆ ಆಚೆಯಿಂದ ಎದ್ದ. "ಏನ್ರೀ, ನಮ್ಮಕ್ಕನಿಗೆ ಬರೀ ಮೂಳೆ ಹಾಕಿದ್ದೀರಾ?"

"ಲೇ, ಕೂತ್ಕೊಳ್ಳೋ, ನಾನೇ ಸಾಕು ಅಂದೆ" ಅಂದೆ. ಯಾರು ಕೇಳುತ್ತಾರೆ? ಗಂಡಿನ ಚಿಕ್ಕಪ್ಪ ಓಡಿ ಬಂದರು. "ಅಕ್ಕಯ್ಯ, ತಪ್ಪಾಯ್ತು. ಲೇ, ಒಳಗಿಂದ ಕೈಮಾ ಉಂಡೆ ತನ್ರೋ! ಲಿವರು ತನ್ರೋ! ಹೊಸ ಎಲೆ ಹಾಕ್ರೋ!" ನನ್ನ ತಮ್ಮ ತೋಳು ಮಡಿಸುತ್ತಿದ್ದಾನೆ, ಅವರ ಕಡೆ ಹುಡುಗರೂ ಪಂಚೆ ಎತ್ತಿ ಕಟ್ಟುತ್ತಿದ್ದಾರೆ. ನನ್ನ ತಂಗಿ ದೂರದಿಂದ ಕೈ ಮುಗಿಯುತ್ತಿದ್ದಾಳೆ, "ತಿಂದ್ಬಿಡಕ್ಕ" ಅಂತ.

ನಾನು ಬೆಂಚಿನ ಮೇಲೆ ಹತ್ತಿ ನಿಂತೆ. ಬೀದಿಯಲ್ಲಿ ಕೂಗಿ ರೂಢಿಯಾದ ಗಂಟಲು, ಶಾಮಿಯಾನದ ಆ ಕೊನೆಗೂ ಕೇಳಿಸಿತು. "ಯಾರ ಮೇಲೂ ನನಗೆ ಮುನಿಸಿಲ್ಲ! ಊಟ ಚೆನ್ನಾಗಿದೆ! ನನ್ನ ಮಂಡಿ ಸರಿಯಾಗಿರಬೇಕು ಅಂದ್ರೆ ನಾನು ಇಷ್ಟೇ ತಿನ್ಬೇಕು! ನಿಮ್ಮ ಮರ್ಯಾದೆ ನನ್ನ ಹೊಟ್ಟೆಯೊಳಗಿಲ್ಲ! ಪ್ರೀತಿ ಇದ್ದರೆ ಬಾಯಲ್ಲಿ ಹೇಳಿ, ಬಕೆಟ್ಟಲ್ಲಿ ಸುರೀಬೇಡಿ!"

ಗಂಡಿನ ತಾತ ಕೊನೆಯ ಎಲೆಯಲ್ಲಿ ಕೂತಿದ್ದರು. ಎಲ್ಲವನ್ನೂ ಗಮನವಿಟ್ಟು ಕೇಳಿ ತಲೆದೂಗಿದರು.

"ಏನು ಗಂಟ್ಲಪ್ಪಾ! ಇಷ್ಟು ಕೂಗಿದ ಮೇಲೆ ಆಯಮ್ಮನಿಗೆ ಹಸಿವಾಗಿರುತ್ತೆ. ಇನ್ನೊಂದು ಮುದ್ದೆ ಹಾಕ್ರೋ!"

ತೂಕದ ಕಲ್ಲು

ನಮ್ಮ ಮನೆಯಲ್ಲಿ ತಕ್ಕಡಿಯಿಲ್ಲ. ವಾರಕ್ಕೊಮ್ಮೆ ರಾಗಿ ಗಿರಣಿಯಲ್ಲಿ, ಮೂಟೆ ತೂಗುವ ಮಿಷನ್ನಿನ ಮೇಲೆ ನಿಲ್ಲುತ್ತೇನೆ. ಗಿರಣಿಯವನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಗಿರಣಿಯ ಸದ್ದಿನ ಮೇಲೆ ನನ್ನ ತೂಕವನ್ನು ಊರಿಗೆಲ್ಲ ಕೂಗುತ್ತಾನೆ. ಬೀಗರೂಟದ ವಾರ ಒಂದು ಕಿಲೋ ಏರಿತ್ತು. ಅಲ್ಲಿದ್ದವರೆಲ್ಲ "ಹ್ಞೂಂ, ಶುರುವಾಯ್ತು" ಅಂತ ನಕ್ಕರು. ನಗಲಿ ಅಂತ ಸುಮ್ಮನಿದ್ದೆ. ಏರಿದ್ದು ತಪ್ಪಲ್ಲ, ಏರಿದ್ದನ್ನು ನೋಡದಿರುವುದು ತಪ್ಪು. ಆ ತಿಂಗಳೊಳಗೆ ಮತ್ತೆ ಇಳಿಸಿದೆ. ಆಮೇಲೆ ಮುಳ್ಳು ಅಲ್ಲಾಡಲಿಲ್ಲ.

ಒಂದು ದಿನ ಗಿರಣಿಯಲ್ಲಿ ಜಗಳ. ರೈತನೊಬ್ಬ ತನ್ನ ರಾಗಿ ಮೂಟೆ ತೂಕದಲ್ಲಿ ಮೋಸವಾಗಿದೆ ಅಂತ ಕೂಗಾಡುತ್ತಿದ್ದ. ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಗಿರಣಿಯವನು ಓಡಿಬಂದು ನನ್ನ ದಾರಿಗೆ ಅಡ್ಡ ನಿಂತ.

"ಅಕ್ಕ, ಬನ್ನಿ, ಒಂದ್ನಿಮಿಷ ನಿಂತ್ಕೊಳ್ಳಿ."

ನಿಂತೆ. ಮುಳ್ಳು ಎಂದಿನ ಜಾಗಕ್ಕೇ ಬಂತು.

ಗಿರಣಿಯವನು ಎದೆಯುಬ್ಬಿಸಿದ. "ನೋಡ್ರಪ್ಪಾ, ಮಿಷನ್ನು ಸರಿಯಾಗಿದೆ!"

ರೈತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಮ್ಮ, ಇವತ್ತು ತಿಂಡಿ ಆಯ್ತಾ, ಇಲ್ವಾ? ಅದನ್ನೊಂದು ಹೇಳ್ಬಿಡಿ."

ಎತ್ತಿದವರು

ಇದು ನಮ್ಮವರೇ ನನ್ನ ಮೇಲೆ ತಿರುಗಿಬಿದ್ದ ಕಥೆ.

ದಪ್ಪಗಿದ್ದ ಕಾಲದಲ್ಲಿ ಧರಣಿ ಅಂದರೆ ನನ್ನನ್ನು ಕಚೇರಿ ಗೇಟಿನ ನಟ್ಟನಡುವೆ ಕೂರಿಸುತ್ತಿದ್ದರು. ನನ್ನನ್ನು ವ್ಯಾನಿಗೆ ಹಾಕಲು ನಾಲ್ಕೈದು ಮಹಿಳಾ ಪೇದೆಗಳು ಬೇಕಿತ್ತು. ಒಬ್ಬರು ಕಾಲು ಹಿಡಿದರೆ ಇನ್ನೊಬ್ಬರ ಸೊಂಟ ಉಳುಕುತ್ತಿತ್ತು. ಅಷ್ಟರಲ್ಲಿ ಜನ ಸೇರುತ್ತಿದ್ದರು, ಟಿವಿಯವರು ಬರುತ್ತಿದ್ದರು, ಅಧಿಕಾರಿ ಹೊರಗೆ ಬರಲೇಬೇಕಾಗುತ್ತಿತ್ತು. ಒಮ್ಮೆ ಎತ್ತಿ ವ್ಯಾನಿನಲ್ಲಿ ಕೂರಿಸಿದರೆ ಮಾತ್ರ ಮುಗಿಯಿತು. ಆ ಮಂಡಿಯಲ್ಲಿ ನಾನು ಇಳಿಯುವ ಮಾತೇ ಇರಲಿಲ್ಲ.

ಶೌಚಾಲಯದ ಬೀಗಕ್ಕಾಗಿ ದೊಡ್ಡ ಧರಣಿ ನಿಗದಿಯಾಯಿತು. ಅದರ ಹಿಂದಿನ ವಾರ ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ ಮನೆಗೆ ಬಂದಳು. ಟಿಫಿನ್ ಕ್ಯಾರಿಯರ್ ಮುಂದಿಟ್ಟಳು. ಒಳಗೆ ಹೋಳಿಗೆ, ಮೇಲೆ ತುಪ್ಪ.

"ಅಕ್ಕ, ತಪ್ಪು ತಿಳ್ಕೊಬೇಡಿ. ಈಗ ನಿಮ್ಮನ್ನ ಎತ್ತಿ ಬಿಸಾಕ್ತಾರೆ. ಧರಣಿ ನಿಲ್ಲಲ್ಲ. ಇದೊಂದು ಹೋರಾಟ ಮುಗಿಯೋವರ್ಗೂ ಸ್ವಲ್ಪ ಮೈ ಮಾಡ್ಕೊಳ್ಳಿ. ಆಮೇಲೆ ಬೇಕಾದ್ರೆ ಇಳಿಸ್ಕೊಳ್ಳೋರಂತೆ."

ಅಜ್ಜಿ ಅಂದಾಗ ರೇಗಿತ್ತು, ತಾತ ಅಂದಾಗ ನಗು ಬಂದಿತ್ತು. ಇವಳ ಮಾತು ಮಾತ್ರ ನಾಟಿತು. ಇಷ್ಟು ವರ್ಷ ಇವರಿಗೆ ನಾನು ಬೇಕಿದ್ದೆನೋ, ನನ್ನ ಭಾರ ಬೇಕಿತ್ತೋ?

"ಕ್ಯಾರಿಯರ್ ತಗೊಂಡು ಹೋಗು" ಅಂದೆ. "ಭಾರ ಬೇಕಿದ್ದರೆ ಗೇಟಿಗೆ ಒಂದು ಬೀಸೋಕಲ್ಲು ಕಟ್ಟು. ನಾನು ಹೀಗೇ ಬರ್ತೀನಿ."

ಧರಣಿಯ ದಿನ ಗೇಟಿನ ಮಧ್ಯೆ ಕೂತೆ. ನನ್ನನ್ನು ಎಷ್ಟೋ ಸಲ ಎತ್ತಿ ಅನುಭವವಿದ್ದ ಹಿರಿಯ ಪೇದೆಯಮ್ಮ ಸೊಂಟಕ್ಕೆ ಸೆರಗು ಬಿಗಿಯುವ ಹಾಗೆ ಬೆಲ್ಟು ಬಿಗಿದುಕೊಂಡು ಬಂದರು. ಜೊತೆಗೊಬ್ಬಳು ಹೊಸಬಳು. ಇಬ್ಬರೇ "ಹೂಂ" ಅಂದು ಎತ್ತಿದರು. ಎತ್ತಿದ ರಭಸಕ್ಕೆ ಹಿಂದಕ್ಕೆ ಬೀಳುವಂತಾದರು. ಅಷ್ಟು ಭಾರ ಅಂದುಕೊಂಡಿದ್ದರು, ಪಾಪ.

"ಅಯ್ಯೋ, ಏನಕ್ಕ ಇದು! ಹುಷಾರಿದ್ದೀರಾ?" ಅಂತ ಕೇಳುತ್ತಲೇ ಒಯ್ದು ವ್ಯಾನಿನಲ್ಲಿ ಕೂರಿಸಿದರು. ಹಿಂದೆ ಕಾರ್ಯದರ್ಶಿ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಅವರು ಇನ್ನೊಬ್ಬರನ್ನು ಎತ್ತಲು ಗೇಟಿನ ಕಡೆ ಹೋದರು. ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ನನ್ನಂಥವರು ಇಳಿದು ಓಡುತ್ತಾರೆ ಅಂತ ಯಾರಿಗೂ ಅದನ್ನು ಹಾಕುವ ರೂಢಿಯೇ ಇಲ್ಲ. ನಾನು ಕೆಳಗೆ ನೋಡಿದೆ. ಎತ್ತರ ಅನ್ನಿಸಲಿಲ್ಲ. ಹಾರಿದೆ. ಮಂಡಿ ಏನೂ ಅನ್ನಲಿಲ್ಲ. ವ್ಯಾನು ಬಳಸಿಕೊಂಡು ಓಡಿ ಬಂದು ಗೇಟಿನ ಮಧ್ಯೆ ಅದೇ ಜಾಗದಲ್ಲಿ ಕೂತು ಧಿಕ್ಕಾರ ಕೂಗಿದೆ.

ಮತ್ತೆ ಎತ್ತಿದರು, ಮತ್ತೆ ಇಳಿದು ಬಂದೆ. ನನ್ನನ್ನು ನೋಡಿ ಉಳಿದ ಹೆಂಗಸರೂ ಇಳಿಯತೊಡಗಿದರು. ಕಾರ್ಯದರ್ಶಿಯೂ ಹಾರಿ ಬಂದು ನನ್ನ ಪಕ್ಕ ಕೂತಳು. ವ್ಯಾನು ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಒಳಗಿದ್ದ ಅಧಿಕಾರಿ ಇದನ್ನು ಕಿಟಕಿಯಿಂದ ನೋಡಿ ನೋಡಿ ಬೇಸತ್ತು ಬೀಗದ ಕೈ ಕೊಟ್ಟು ಕಳಿಸಿದರು.

ಹಿರಿಯ ಪೇದೆಯಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತು, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈ ಮುಗಿದರು.

"ಅಕ್ಕ, ನಿಮ್ಮ ದಮ್ಮಯ್ಯ, ಮತ್ತೆ ದಪ್ಪ ಆಗ್ಬಿಡಿ. ಆಗ ಒಂದ್ಸಲ ಎತ್ತಿದ್ರೆ ಆವತ್ತಿನ ಡ್ಯೂಟಿ ಮುಗೀತಿತ್ತು!"